ಒರೆಸಿದ ಚುಕ್ಕೆ

ನನ್ನನ್ನು ನಂಬಿ ಕೆಟ್ಟ ಅಕ್ಕನಿಗೆ,

ವಾರ್ಡಿಗೆ ಬಂದವರಿಗೆಲ್ಲ ನೀನು ಇವತ್ತಿಗೂ "ನನ್ ತಂಗೀನೇ ನೋಡಿದ್ದು, ಅವಳ ಕಣ್ಣು ತಪ್ಪಿ ಏನೂ ಹೋಗಲ್ಲ" ಎನ್ನುತ್ತಿದ್ದೀಯಂತೆ. ಭಾವ ಫೋನಿನಲ್ಲಿ ಹೇಳಿದರು. ದಯವಿಟ್ಟು ಅದನ್ನು ನಿಲ್ಲಿಸು.

ಹದಿನಾಲ್ಕು ತಿಂಗಳ ಹಿಂದೆ ನಿನ್ನ ಅಂಡಾಶಯದ ಗೆಡ್ಡೆ ತೆಗೆದ ದಿನ, ಹೊಟ್ಟೆಯೊಳಗೆ ಸಲೈನ್ ಸುರಿದು ತೊಳೆದ ನೀರನ್ನು ಬಾಟಲಿಯಲ್ಲಿ ನಮ್ಮ ಲ್ಯಾಬಿಗೆ ಕಳಿಸಿದರು. ಗೆಡ್ಡೆಯ ಜೀವಕೋಶಗಳು ಆಚೆ ಉದುರಿದ್ದರೆ, ಆ ನೀರನ್ನು ಗಾಜಿನ ಸ್ಲೈಡಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಸಿಗಬೇಕು. ಸಿಕ್ಕರೆ ಕೀಮೋ, ಸಿಗದಿದ್ದರೆ ಮನೆ. ಮನೆಯವರ ಸ್ಲೈಡು ಮುಟ್ಟಬಾರದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಆಪರೇಷನ್ನಿಗೆ ಹೋಗುವಾಗ ನೀನು ಸ್ಟ್ರೆಚರಿನ ಮೇಲೆ ಮಲಗಿ ನನ್ನ ಕೈ ಹಿಡಿದು, "ಬೇರೆ ಯಾರಿಗೂ ಕೊಡಬೇಡ ಕಣೆ, ನೀನೇ ನೋಡು" ಎಂದೆ. ಚಿಕ್ಕವರಿದ್ದಾಗ ಅಕ್ಕಿಯಲ್ಲಿ ಕಲ್ಲು ಆರಿಸಲು ನನ್ನನ್ನೇ ಕೂರಿಸುತ್ತಿದ್ದೆಯಲ್ಲ, ಹಾಗೆ. ನನಗೂ ಜಂಬ ಬಂತು.

ಅನುಮಾನದ ಕೋಶ ಕಂಡಲ್ಲಿ ಸ್ಲೈಡಿನ ಮೇಲೆ ಪೆನ್ನಿನಿಂದ ಚುಕ್ಕೆ ಇಡುವುದು ನನ್ನ ಕೆಲಸ. ಲ್ಯಾಬಿನ ಡಾಕ್ಟರು ಚುಕ್ಕೆ ಇದ್ದಲ್ಲಿ ನಿಂತು ನೋಡುತ್ತಾರೆ, ಇಲ್ಲದಿದ್ದರೆ ಮೇಲೆ ಮೇಲೆ ನೋಡಿ ಸಹಿ ಹಾಕುತ್ತಾರೆ. ನಿನ್ನ ಸ್ಲೈಡಿನ ಅಂಚಿನಲ್ಲಿ ಒಂದು ಗುಂಪು ಕಂಡಿತು. ಚುಕ್ಕೆ ಇಟ್ಟೆ. ಮತ್ತೆ ನೋಡಿದೆ. ಹೊಟ್ಟೆಯ ಒಳಪದರದ ಸಾಧಾರಣ ಕೋಶಗಳೂ ಕೆರಳಿದಾಗ ಹೀಗೇ ಕಾಣುತ್ತವೆ, ಪಳಗಿದವರೂ ಮೋಸ ಹೋಗುತ್ತಾರೆ. ಬೇರೆಯವರ ಸ್ಲೈಡಾಗಿದ್ದರೆ ಚುಕ್ಕೆ ಬಿಟ್ಟು, ಡಾಕ್ಟರೇ ತಲೆ ಕೆಡಿಸಿಕೊಳ್ಳಲಿ ಎನ್ನುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನಿನ್ನ ಹೊಟ್ಟೆಯ ಕೋಶಗಳೆಲ್ಲ ನನಗೆ ಒಳ್ಳೆಯವೇ ಆಗಿಬಿಟ್ಟವು. ಸ್ಪಿರಿಟ್ ಹತ್ತಿಯಿಂದ ಚುಕ್ಕೆ ಒರೆಸಿದೆ. ನಿನ್ನನ್ನು ಮನೆಗೆ ಕಳಿಸಿದರು.

ಕಳೆದ ವಾರ ನಿನ್ನ ಹೊಟ್ಟೆಯಲ್ಲಿ ನೀರು ತುಂಬಿತು. ಅದನ್ನು ತೆಗೆದು ಲ್ಯಾಬಿಗೆ ಕಳಿಸಿದಾಗ, ಈ ಸಲ ಬಾಟಲಿಯನ್ನು ನಾನು ಮುಟ್ಟಲಿಲ್ಲ. ನೋಡಿದ ಸಹೋದ್ಯೋಗಿ ಚುಕ್ಕೆ ಇಡಲು ಜಾಗವೇ ಸಾಲದು ಎಂದಳು. ಡಾಕ್ಟರು ನನ್ನನ್ನು ಕರೆದು ಸಮಾಧಾನ ಮಾಡಿದರು. "ಆ ಪರೀಕ್ಷೆನೇ ಹಾಗಮ್ಮ. ಹರಡಿದ್ರೂ ಎಷ್ಟೋ ಸಲ ತೊಳೆದ ನೀರಲ್ಲಿ ಸಿಗಲ್ಲ. ನಿನ್ನ ತಪ್ಪೇನಿದೆ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳಿ ಎನ್ನಲೂ ಇಲ್ಲ, ಆಗಲೇ ಹೆಗಲು ಮುಟ್ಟಿಕೊಂಡಿದ್ದೆ. ಅವರ ಮಾತು ಸುಳ್ಳಲ್ಲ. ಅದರ ಹಿಂದೆ ಅಡಗಿಕೊಂಡು ನಾನು ನಿವೃತ್ತಿಯ ತನಕ ಹಾಯಾಗಿ ಇರಬಹುದಿತ್ತು.

ಇವತ್ತು ಮಧ್ಯಾಹ್ನ ಹಳೆಯ ಸ್ಲೈಡು ತೆಗೆಸಿದೆ. ಅಂಚಿನಲ್ಲಿ ಶಾಯಿಯ ಮಾಸಲು ಕಲೆ ಇನ್ನೂ ಇದೆ, ಅದರಡಿ ಆ ಗುಂಪೂ ಇದೆ. ಅದೇ ಜಾಗದಲ್ಲಿ ಮತ್ತೆ ಚುಕ್ಕೆ ಇಟ್ಟು, ನಾನು ಮಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಎರಡನ್ನೂ ಡಾಕ್ಟರ ಮೇಜಿನ ಮೇಲಿಟ್ಟು ಬಂದೆ. ಕೆಲಸ ಹೋದರೆ ಹೋಗಲಿ. ನಿನ್ನ ಮೇಲೂ ನನಗೆ ಸಿಟ್ಟಿದೆ. ಊರವರನ್ನೆಲ್ಲ ಬಿಟ್ಟು ನನ್ನನ್ನೇ ಯಾಕೆ ಕೇಳಿದೆ? ಆ ಪರೀಕ್ಷೆ ಎಷ್ಟೋ ಜನರಿಗೆ ತಪ್ಪು ಹೇಳಿರಬಹುದು ಅಕ್ಕಾ, ನಿನಗೆ ಸರಿಯಾಗಿಯೇ ಹೇಳಿತ್ತು. ಅದರ ಬಾಯಿ ಮುಚ್ಚಿದವಳು ನಾನು.

ಸೋಮವಾರ ನಿನಗೆ ಮೊದಲ ಕೀಮೋ. ಬಾಗಿಲಾಚೆಯ ಬೆಂಚಿನ ಮೇಲೆ ಕೂತಿರುತ್ತೇನೆ. ಕರೆದರೆ ಬರುತ್ತೇನೆ, ಕರೆಯದಿದ್ದರೆ ಕೂತೇ ಇರುತ್ತೇನೆ. ದೊಡ್ಡವಳನ್ನು ಹರಸುವ ವಯಸ್ಸು ನನ್ನದಲ್ಲ, ಆದರೂ ಹೇಳುತ್ತೇನೆ: ಬದುಕು. ಬದುಕಿ, ನನ್ನನ್ನು ಬಾಯಿ ತುಂಬ ಬೈಯಿ.

ಕಲ್ಲು ಕಂಡೂ ಆರಿಸದ
ನಿನ್ನ ತಂಗಿ