ನನ್ನ ಹೊಟ್ಟೆ, ನಿನ್ನ ಫೋನು

ಆಸ್ಪತ್ರೆ, ಕಿಟಕಿ ಪಕ್ಕದ ಹಾಸಿಗೆಯಿಂದ
ಬುಧವಾರ, ಮಾರ್ಚ್ ೧೨

ಪ್ರೀತಿಯ ಅಣ್ಣಾ,

ನೀನು, ಅತ್ತಿಗೆ ಚೆನ್ನಾಗಿದ್ದೀರಾ? ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ಸರಿ, ಕೇಳಬೇಕಾದ್ದನ್ನು ಕೇಳಿದ್ದಾಯಿತು. ಇನ್ನು ನಿನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತೇನೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಡಾಕ್ಟರು ನನ್ನ ಮುಂದೆ ಎರಡು ದಾರಿ ಇಟ್ಟದ್ದು ನಿನಗೆ ಗೊತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕ ಮಲಗುವುದು. ಇಲ್ಲವೇ ಹೊಟ್ಟೆಗೊಂದು ಮೆತ್ತನೆಯ ನಳಿಗೆ ಹಾಕಿಸಿಕೊಂಡು, ಮನೆಯಲ್ಲೇ ದ್ರವ ತುಂಬಿಸಿ, ಹೊರಗೆ ಬಿಟ್ಟು, ನಾನೇ ಡಯಾಲಿಸಿಸ್ ಮಾಡಿಕೊಳ್ಳುವುದು. ನಾನು ನಳಿಗೆ ಎಂದೆ. ಕಾರು ಕಲಿಸುವವಳು ನಾನು, ನನ್ನ ಜೀವನ ಇರುವುದು ಸೀಟಿನ ಮೇಲೆ. ಆಪರೇಷನ್ನಿಗೆ ಮುಂಚೆ ನರ್ಸಮ್ಮ ನನ್ನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಪೆನ್ನು ಹಿಡಿದು ಹೊಟ್ಟೆಯ ಮೇಲೆ ಜಾಗ ಹುಡುಕಿದರು. ಪ್ಯಾಂಟಿನ ಪಟ್ಟಿ ಉಜ್ಜಬಾರದು, ಮಡಿಕೆಯಲ್ಲಿ ಮುಚ್ಚಿಹೋಗಬಾರದು, ನನ್ನ ಕಣ್ಣಿಗೂ ಕಾಣಬೇಕು. ನಾನು ಸೀಟ್ ಬೆಲ್ಟ್ ಎಳೆದುಕೊಂಡಂತೆ ಮಾಡಿ, ಇಲ್ಲದ ಬ್ರೇಕು ತುಳಿದು ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕು, ಗುರುತನ್ನು ಬೆಲ್ಟಿಗೆ ಸಿಗದಷ್ಟು ಮೇಲೆ ಹಾಕಿದರು. ಕಾಯಿಲೆ ಬಂದ ಮೇಲೆ ನನ್ನನ್ನು ಕೇಳಿ ಕೆಲಸ ಮಾಡಿದವರು ಅವರೊಬ್ಬರೇ, ಅಣ್ಣಾ.

ಸೋಮವಾರ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಯ ನಿಲುವಂಗಿ ತೊಟ್ಟು ಕೂತಿದ್ದರೆ, ಸ್ಟ್ರೆಚರಿನ ಬದಲು ಗುಮಾಸ್ತ ಬಂದ. "ಆಪರೇಷನ್ ಇಲ್ಲಮ್ಮ. ನಿಮ್ಮಣ್ಣ ಫೋನ್ ಮಾಡಿ ಬೇಡ ಅಂದ್ರಂತೆ." ನನಗೆ ಮೈಯೆಲ್ಲ ಉರಿದುಹೋಯಿತು. ಏನು ಹೇಳಿದ್ದೆಯಂತೆ ನೀನು? "ಚಪ್ಪಲಿ ಎಲ್ಲಿಟ್ಟೆ ಅಂತಾನೇ ಅವಳಿಗೆ ನೆನಪಿರಲ್ಲ, ಇದನ್ನೆಲ್ಲ ಎಲ್ಲಿ ಮಾಡ್ಕೋತಾಳೆ? ಸೋಂಕಾದ್ರೆ ಯಾರು ಹೊಣೆ?" ನಾನೇನು ಹಾಲುಹಲ್ಲಿನ ಮಗುವೇ? ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವಳು. ನಿನಗೆ ರಿವರ್ಸ್ ಕಲಿಸಿದ್ದೂ ನಾನೇ; ಗೇಟು ಮುರಿದದ್ದು ಮಾತ್ರ ನೀನು. ಸೋಂಕಿನ ಭಯ ನನಗಿಲ್ಲವೇ? ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮಾಸ್ಕ್ ಹಾಕಿ, ಕೈ ತೊಳೆದು, ಆಮೇಲೇ ನಳಿಗೆಯ ಮುಚ್ಚಳ ಬಿಚ್ಚಬೇಕೆಂದು ನಾನು ಕಲಿತದ್ದು ಆ ಭಯದಿಂದಲೇ. ನನ್ನ ಹೊಟ್ಟೆಯ ವಿಷಯ, ನನ್ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಮಾತಾಡಿ ಮುಗಿಸಿಬಿಟ್ಟಿರಲ್ಲ!

ಹಿಂದೆ ತೆರೆದುಕೊಳ್ಳುವ ಆ ನಿಲುವಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಸರ್ಜನ್ ಕೋಣೆಗೆ ನುಗ್ಗಿದೆ. "ಹೊಟ್ಟೆ ನಂದು ಡಾಕ್ಟ್ರೇ. ನಮ್ಮಣ್ಣನ ಹೊಟ್ಟೆಗೆ ಹಾಕೋದಾದ್ರೆ ಅವನನ್ನ ಕೇಳಿ." ಅವರು ನನಗೆ ಕುರ್ಚಿ ಎಳೆದುಕೊಟ್ಟು, "ತಪ್ಪಾಯ್ತು, ನಿಮ್ಮನ್ನೇ ಕೇಳ್ಬೇಕಿತ್ತು" ಎಂದರು. ಮಧ್ಯಾಹ್ನವೇ ಒಳಗೆ ಕರೆದೊಯ್ದರು. ನಳಿಗೆ ಕೂತಿದೆ. ಇವತ್ತು ಸ್ವಲ್ಪ ದ್ರವ ಬಿಟ್ಟು ನೋಡಿದರು, ಸಲೀಸಾಗಿ ವಾಪಸ್ಸು ಬಂತು. ಕೆಮ್ಮಿದರೆ ಜೀವ ಬಾಯಿಗೆ ಬರುತ್ತದೆ, ನಿನ್ನನ್ನು ಬೈಯಲೂ ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಗಾಯ ಮಾಯ್ದ ಮೇಲೆ ಡಯಾಲಿಸಿಸ್, ಆಮೇಲೆ ಕಾರು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನಗೆ ಸದ್ಯಕ್ಕೆ ಏನೂ ಇಲ್ಲ.

ಕೋಪ ಇನ್ನೂ ಇಳಿಯದ ತಂಗಿ,
ಪುಟ್ಟಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದಿಷ್ಟು. ನನ್ನದು ಅಪ್ಪನಿಂದ ಬಂದ ಕಾಯಿಲೆಯಂತೆ, ಕಿಡ್ನಿ ತುಂಬ ನೀರುಗುಳ್ಳೆ. ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದಾರೆ. ನಿನ್ನ ಬಿಪಿ ಏರಿದೆ, ತೋರಿಸಿಕೋ ಎಂದರೆ ಎದ್ದು ಹೋಗುತ್ತೀಯ ಎಂದು ಅತ್ತಿಗೆ ನಿನ್ನೆ ಫೋನಿನಲ್ಲಿ ಗೋಳಾಡಿದರು. ನನ್ನ ನಳಿಗೆಗೆ ನೀನು ಯಾಕೆ ಇಷ್ಟು ಹೆದರಿದ್ದೆ ಎಂದು ಆಗ ಅರ್ಥವಾಯಿತು: ನಾಳೆ ನಿನಗೂ ಇದೇ ಗತಿಯೇನೋ ಎಂದು. ಅಪ್ಪನಿಗೆ ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು, ನಿನಗೆ ಇನ್ನೂ ಮೀರಿಲ್ಲ. ಈ ವಾರವೇ ಸ್ಕ್ಯಾನ್ ಮಾಡಿಸು. ಒಬ್ಬನೇ ಹೋಗಲು ಭಯವಾದರೆ ಹೇಳು, ಇಲ್ಲಿಂದ ಬಿಟ್ಟ ಕೂಡಲೇ ಬಸ್ಸು ಹತ್ತಿ ಬರುತ್ತೇನೆ.