ಜೋಡಿ ವರಿ

ಸಿಂಗಾನಲ್ಲೂರು, ೧೯೮೭

ಅಪ್ಪಾ,

ನೀವು ತೀರಿಕೊಂಡ ಮೇಲೆ ಚೌಡಮ್ಮನ ಹಬ್ಬಕ್ಕೆ ಮನೆಮನೆಯಿಂದ ವರಿ ದುಡ್ಡು ಎತ್ತುವ ಕೆಲಸ ಲಿಂಗಸಾಮಿ ಮಾಮನಿಗೆ ಬಂದಿದೆ. ಇವತ್ತು ನಮ್ಮ ಬೀದಿಗೆ ಬಂದಿದ್ದರು. ಗಂಡಹೆಂಡಿರ ಜೋಡಿಗೆ ಒಂದು ವರಿ, ಮದುವೆಯಾಗದವರಿಗೆ ಇಲ್ಲ ಎಂಬ ನಿಮ್ಮ ಕಾಲದ ಕಟ್ಟಳೆಯೇ ಈಗಲೂ ಇದೆ. ನಾನೂ ಕುಪ್ಪಸಾಮಿಯೂ ವೀಳ್ಯದೆಲೆಯ ಮೇಲೆ ದುಡ್ಡಿಟ್ಟು, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆವು.

“ಒಂಟಿ ಗಂಡಾಳಿಗೆ ವರಿ ಇಲ್ಲ ಮಾರಪ್ಪಾ,” ಅಂದರು ಮಾಮ.

“ನಾವು ಒಂಟಿ ಅಲ್ಲ ಮಾಮ. ಇಷ್ಟು ವರ್ಷದಿಂದ ಒಂದೇ ಮನೆ, ಒಂದೇ ಒಲೆ,” ಅಂದ ಕುಪ್ಪಸಾಮಿ.

“ಸರ್ಕಾರವೇ ನಿಮ್ಮನ್ನ ಜೋಡಿ ಅನ್ನಲ್ಲ. ನಾನೆಂಗೆ ಅನ್ನಲಿ?”

“ಸರ್ಕಾರಾನೂ ಅನ್ನಬೇಕು ಮಾಮ, ನಾವು ಕೇಳೋದೇ ಅದನ್ನ,” ಎಂದೆ. “ನಾಳೆ ನಾನು ಸತ್ರೆ, ನೀನ್ಯಾರು ಅಂತ ಇವನನ್ನ ಈ ಮನೆಯಿಂದ ಹೊರಗೆ ಹಾಕ್ತಾರೆ. ಮದುವೆ ಕಾನೂನು ನಮಗೂ ಇದ್ರೆ ಹಾಕೋಕಾಗಲ್ಲ.”

ಅವರು ತಟ್ಟೆ ಮುಟ್ಟಲಿಲ್ಲ. ಆದರೆ ನಮ್ಮ ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದರು. ಏಳುವಾಗ, “ಮುಂದಿನ ವರ್ಷವೂ ಹಿಂಗೇ ನಿಂತ್ಕೋತೀರಾ?” ಅಂದರು.

“ನಿಂತ್ಕೋತೀವಿ ಮಾಮ.”

ವರಿ ತಪ್ಪಿಸಿಕೊಳ್ಳುವವರನ್ನು ನೀವು ಬೇಕಾದಷ್ಟು ಕಂಡಿದ್ದೀರಿ. ಕೊಡುತ್ತೇವೆಂದು ಹಟ ಹಿಡಿದವರು ನಾವೇ ಇರಬೇಕು. ಆ ಕಾನೂನು ಬಂದೇ ಬರುತ್ತದೆ ಅಪ್ಪಾ, ನನಗೆ ಅನುಮಾನವಿಲ್ಲ.

ನೀವು ವರಿ ಎತ್ತಲು ಬಂದಾಗಲೆಲ್ಲ ನಮ್ಮ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದಿರಿ. ಆಗಲೂ ಒಳಗೆ ಈ ತಟ್ಟೆ ಸಿದ್ಧವಾಗಿರುತ್ತಿತ್ತು. ಪಕ್ಕದಲ್ಲಿ ನೀರಿನ ಚೊಂಬೂ.