ಪೂಜೆಗಿಟ್ಟ ಫೋನು

ಸೆಪ್ಟೆಂಬರ್ 29, ಸೋಮವಾರ, ಬೆಳಿಗ್ಗೆ

ಹಾಲು ಉಕ್ಕಿತು. ಮತ್ತೆ. ಆಫೀಸಿನ ಗ್ರೂಪ್ ನೋಡುತ್ತ ನಿಂತಿದ್ದೆ — ರಜೆ ಹಾಕಿದ ದಿನವೂ. ಒರೆಸುತ್ತಿರುವಾಗ ಟಿಣ್ ಅಂತು. ದಿವ್ಯಾಳ ಮೆಸೇಜ್: “ಅಮ್ಮ ಟೀ.” ಪಕ್ಕದ ರೂಮಿನಿಂದ!

ಒಂಬತ್ತನೇ ಕ್ಲಾಸಿನ ಮಗಳು. ಬೇಸಿಗೆಯಿಂದೀಚೆ ಬಾಗಿಲು ಹಾಕಿಕೊಂಡೇ ಮಾತು, ಅದೂ ಬೆರಳಿನಲ್ಲಿ. ಎದುರು ಕೂತು ಕೇಳಿದರೆ “ಹ್ಞೂಂ”, “ಗೊತ್ತಿಲ್ಲ”. ಅವಳ ದನಿಗೆ ಹಂಬಲಿಸುತ್ತೇನೆ. ಹೆತ್ತವಳು ಹೀಗೆ ಬರೆದುಕೊಳ್ಳಬೇಕೆ... ಬರೆದುಕೊಂಡೆ.

ಅದೇ ದಿನ, ಸಂಜೆ

ಸರಸ್ವತಿ ಪೂಜೆ. ಹೆಬ್ಬಗೋಡಿಯ ನಮ್ಮ ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳು. ಅತ್ತೆಯ ಕಟ್ಟಳೆ ಮಾತ್ರ ಹಾಗೇ ಇದೆ: ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿವರೆಗೆ ಮುಟ್ಟುವಂತಿಲ್ಲ.

“ಎಲ್ಲವ್ವ ನಿನ್ ಪುಸ್ತಕ?”

“ಎಲ್ಲಾ ಫೋನಲ್ಲೇ ಇದೆ ಅಜ್ಜಿ. ಪಿಡಿಎಫ್.” ಎದ್ದು ತರಲಾರದ ಸೋಮಾರಿತನಕ್ಕೆ ಬಿಟ್ಟ ಬುರುಡೆ.

“ಅಂಗಾರೆ ಅದ್ನೇ ಇಕ್ಕು.”

ಬೇಸ್ತು ಬಿದ್ದಳು! ಇವರು ಜೋರಾಗಿ ನಕ್ಕರು. ಅತ್ತೆ ಮಗನ ಕಡೆ ತಿರುಗಿದರು: “ನಗ್ತೀಯೇನ್ಲಾ ದೇವರಾಜ? ನಿನ್ ಕೆಲ್ಸನೂ ಅದ್ರಾಗೇ ಅಲ್ವಾ? ನಿಂದೂ ಇಕ್ಕು. ಶ್ಯಾಮಲಾ, ನೀನೇನ್ ನೋಡ್ತಾ ನಿಂತೆ?”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನದು ಇನ್ನೂ ಬಂದಿಲ್ಲ. ಫೋನು, ಲ್ಯಾಪ್‌ಟಾಪು, ಟಿವಿ ರಿಮೋಟು — ಎಲ್ಲ ದೇವರ ಮುಂದೆ. ಆಫೀಸಿಗೆ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಗುರುರಾಜ್ ಅವರ ನಂಬರ್ ಕೊಟ್ಟಾಯಿತು.

ಸೆ. 30, ಮಂಗಳವಾರ

ದಿವ್ಯಾ ಮುಖ ಊದಿಸಿಕೊಂಡು ಮಲಗಿದ್ದಳು. ನನ್ನ ಕೈಯಾದರೂ ಸುಮ್ಮನಿದೆಯೆ? ಸೌಟು ಇಟ್ಟ ಕೂಡಲೇ ಫೋನ್ ಹುಡುಕುತ್ತದೆ. ಇವರು ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಕಟ್ಟಿದರು. ಮತ್ತೆ ಬಿಚ್ಚಿ ಕಟ್ಟಿದರು.

ಸಂಜೆ ಅತ್ತೆ ಟೆರೇಸಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ಉರುಳಿಸಲು ಹುಣಸೆ ಬೀಜ, ಕಾಯಿಗೆ ಬಳೆ ಚೂರು. ದಿವ್ಯಾ ದೂರ ನಿಂತಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು. ಆಮೇಲೆ —

“ಅಜ್ಜಿ! ಬಿದ್ದಿದ್ದು ಮೂರು, ನಾಕು ಮನೆ ನಡೆಸಿದ್ರಿ!”

“ಫೋನ್ ನೋಡಿ ನೋಡಿ ನಿನ್ ಕಣ್ ಮಂಜಾಗೈತೆ ಬಿಡು.”

ಅವಳು ಹೀಗೆ ಕೂಗಾಡಿ ಎಷ್ಟು ದಿನವಾಗಿತ್ತು! ಕಿವಿ ತಂಪಾಯಿತು.

ಅಕ್ಟೋಬರ್ 1, ಬುಧವಾರ

ಆಯುಧ ಪೂಜೆ. ಸ್ಕೂಟರ್ ತೊಳೆದದ್ದಕ್ಕಿಂತ ಅಪ್ಪ ಮಗಳ ನೀರೆರಚಾಟವೇ ಹೆಚ್ಚು. ಊಟವಾದ ಮೇಲೆ ಟೆರೇಸಿನ ನೆರಳಲ್ಲಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ತಾನಾಗಿಯೇ ಶುರು ಮಾಡಿದಳು.

“ಮೇಘಾ ನನ್ನನ್ನ ಫ್ರೆಂಡ್ಸ್ ಗ್ರೂಪಿಂದ ತೆಗೆದುಬಿಟ್ಲು ಅಮ್ಮ. ಸಮ್ಮರ್ ರಜದಲ್ಲೇ. ಮತ್ತೆ ಸೇರಿಸ್ತಾಳೇನೋ ಅಂತ ನೋಡ್ತಾನೇ ಇರ್ತೀನಿ.”

ಮೇಘಾ ಎಲ್‌ಕೆಜಿಯಿಂದ ಜೊತೆಗಿದ್ದ ಹುಡುಗಿ. ಮುಚ್ಚಿದ ಬಾಗಿಲ ಹಿಂದೆ ಇದಕ್ಕೇ ಕಾಯುತ್ತಿತ್ತೇ ನನ್ನ ಕೂಸು! ಬುದ್ಧಿವಾದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಕೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡೆ. ಅವಳ ತಲೆ ಮಡಿಲಿಗೆ ಒರಗಿತು. ಸೀರೆ ಪೂರ್ತಿ ಎಣ್ಣೆ... ಆಗಲಿ.

ಅ. 2, ಗುರುವಾರ

ವಿಜಯದಶಮಿ. ಪೂಜೆ ಮುಗಿಸಿ ಫೋನ್ ಎತ್ತಿದೆವು. ಅತ್ತೆ ಗಂಧ ತೇದು ಧಾರಾಳವಾಗಿ ಬಳಿದಿದ್ದಾರೆ. ದಿವ್ಯಾಳ ಫೋನಿನ ಚಾರ್ಜಿಂಗ್ ತೂತೂ ಗಂಧದಿಂದ ಮುಚ್ಚಿಹೋಗಿದೆ. ಇನ್ನು ಮನೆ ರಣರಂಗ ಅಂದುಕೊಂಡೆ.

“ಫೋನಿಗೆ ಫೇಶಿಯಲ್ ಮಾಡಿದೀರಾ ಅಜ್ಜಿ?” ಎಂದು ನಕ್ಕಳು. ಬೀಜ ಎತ್ತಿಕೊಂಡು ಟೆರೇಸಿಗೆ ಓಡಿದಳು.

ಅ. 6, ಸೋಮವಾರ

ನಿನ್ನೆ ಚಂದಾಪುರದ ಅಂಗಡಿಯಿಂದ ದಿವ್ಯಾಳ ಫೋನ್ ರಿಪೇರಿಯಾಗಿ ಬಂತು. ಬೆಳಿಗ್ಗೆಯಿಂದ ರೂಮಿನ ಬಾಗಿಲು ಮುಚ್ಚಿದೆ. ಮೇಘಾ ಇನ್ನೂ ಸೇರಿಸಿಲ್ಲವೆಂದು ಕಾಣುತ್ತದೆ. ಕೇಳಲು ಧೈರ್ಯವಿಲ್ಲ. ನಾಡಿದ್ದು ಸ್ಕೂಲು. ಎಲ್ಲ ಹಬ್ಬದ ಜೊತೆಗೇ ಹೋಯಿತೇ...

ಈಗ ಟಿಣ್ ಅಂತು. “ಅಮ್ಮ.” ಅಷ್ಟೇ. ‘ಏನು ಬೇಕು’ ಅಂತ ಟೈಪ್ ಮಾಡಲು ಹೊರಟೆ. ಬೇಡವೆನಿಸಿತು. ಫೋನ್ ಬೋರಲು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಬಾಗಿಲ ಸದ್ದು.

“ಅಮ್ಮಾ! ಮೆಸೇಜ್ ಹಾಕಿದ್ರೆ ನೋಡಲ್ವಾ? ಒಬ್ಳೇ ಇರೋಕಾಗ್ತಿಲ್ಲ ನಂಗೆ. ಎಣ್ಣೆ ತಗೊಂಡು ಮೇಲೆ ಬಾ.”

ಬಂದೆ ಕಂದಾ, ಈ ಸಾಲು ಮುಗಿ —